ಸಾಣೆಯವನ ಲೆಕ್ಕ

ಕತ್ತರಿಗೆ ಇಪ್ಪತ್ತು, ಈಳಿಗೆಗೆ ಮೂವತ್ತು,
ಕುಡುಗೋಲಿಗೆ ತಂದವನ ಮುಖ ನೋಡಿ ರೇಟು.
ಚೌಕಿಪೇಟೆಯ ಮೂಲೆಯಲ್ಲಿ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ
ಪೆಡಲ್ ತುಳಿಯುತ್ತೇನೆ. ದಾವಣಗೆರೆ ಮುಂದಕ್ಕೆ ಹೋಗುತ್ತದೆ,
ಸೈಕಲ್ಲು ಹೋಗುವುದಿಲ್ಲ.

ಖಲಂದರ್ ಮೊದಲ ಸಲ ಬಂದದ್ದು ಒಂದು ಏಪ್ರಿಲ್‌ನಲ್ಲಿ.
ಗೋಣಿಚೀಲದಿಂದ ಬೂಟು ತೆಗೆದ.
ಬೂಟಿನ ಅಡಿಗೆ ಚಾಕು.
"ಯಾರನ್ನ ಒದೆಯೋಕಪ್ಪಾ ಇದು?" ಅಂದೆ.
"ನೀರನ್ನ," ಅಂದ. "ಕಲ್ಲಾದ ನೀರನ್ನ."

ಮಂಡಕ್ಕಿ ಭಟ್ಟಿಯ ಹುಡುಗ.
ಅವರಪ್ಪ ಕಾದ ಮರಳಿನಲ್ಲಿ ಅಕ್ಕಿ ಹುರಿದು ಹುರಿದು
ಹುಬ್ಬು ಸುಟ್ಟುಕೊಂಡವನು.
ಆ ಓಣಿಯಲ್ಲಿ ಬೆಳಗಿನ ಜಾವಕ್ಕೂ ಬೆವರು,
ಒಣಹಾಕಿದ ಬಟ್ಟೆಗೂ ಹೊಟ್ಟಿನ ಹೊಗೆ.
ಅಲ್ಲಿಂದೆದ್ದು ಗಡಿ ಪೊಲೀಸ್ ಸೇರಿದವನು
ಲಡಾಖಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೋಲು ಹಿಡಿದು
ಚೆಂಡಲ್ಲದ ಚೆಂಡೊಂದರ ಹಿಂದೆ ಓಡುವುದಕ್ಕೇ
("ಬಿಲ್ಲೆ ಕಾಕಾ, ರಬ್ಬರ್ ಬಿಲ್ಲೆ, ಅಂಗೈ ಅಗಲ ಇಲ್ಲ")
ತಿಂಗಳ ಸಂಬಳ ಅಂದರೆ ನಂಬುವುದು ಹೇಗೆ?
ನಾನು ಕಂಡ ಐಸು ಒಂದೇ:
ಫ್ಯಾಕ್ಟರಿಯಿಂದ ಮರದ ಹೊಟ್ಟು ಮೆತ್ತಿಕೊಂಡು
ತಳ್ಳುಗಾಡಿಯಲ್ಲಿ ದಾರಿಯುದ್ದ ಅಳುತ್ತ ಬರುವುದು.

ಮೊದಲ ವರ್ಷ ಕೆಡಿಸಿದೆ.
ಚಾಕುವಿನ ಹಾಗೆ ಒಂದೇ ಬಾಯಿ ಕೊಟ್ಟೆ, ಕೂದಲು ಸೀಳುವಷ್ಟು.
ಮರುವರ್ಷ ಎದುರಿನ ಹಲ್ಲೊಂದಿಲ್ಲದೆ ಬಂದು ನಕ್ಕ.
"ಇದಕ್ಕೆ ಎರಡು ಅಂಚು ಕಾಕಾ, ನಡುವೆ ಸಣ್ಣ ಕಾಲುವೆ.
ಎಡಕ್ಕೆ ವಾಲಿದರೆ ಎಡದ್ದು ಹಿಡೀಬೇಕು,
ಬಲಕ್ಕೆ ವಾಲಿದರೆ ಬಲದ್ದು."
ಅವನಿಗೆಂದೇ ಒಂದು ಕಲ್ಲಿನ ಅಂಚನ್ನು ಗುಂಡಗೆ ಸವೆಸಿಟ್ಟೆ.
ಬೇರೆ ಯಾವ ಕಬ್ಬಿಣವನ್ನೂ ಅದಕ್ಕೆ ಮುಟ್ಟಿಸಲಿಲ್ಲ.
ವರ್ಷಕ್ಕೊಂದು ಜೋಡಿಗೆ ಕಲ್ಲು ಬೇರೆ ಕೇಡು,
ಅಂದಳು ನನ್ನ ಹೆಂಡತಿ.

ಮೂರನೇ ವರ್ಷ ಹೆಗಲಿಗೆ ಪಟ್ಟಿ.
ನಾಲ್ಕನೇ ವರ್ಷ ಒಂದು ಪೇಪರಿನ ತುಂಡು:
ಹೆಸರು ತಪ್ಪು, ಮುಖ ಹೆಲ್ಮೆಟ್ಟಿನೊಳಗೆ.
"ಒಳಗಿರೋದು ನಾನೇ, ಅಲ್ಲಾನ ಆಣೆ."
ಆರಕ್ಕೆ ಯಾವುದೋ ದೇಶಕ್ಕೆ ಹೋಗಿ
ಹದಿನೇಳು ಗೋಲು ತಿಂದು ಬಂದರಂತೆ.
ಹದಿನೇಳನ್ನೂ ಹೇಳಿದ, ಯಾವ ಮೂಲೆಯಿಂದ ಬಂತು,
ತಾನೆಲ್ಲಿ ನಿಂತಿದ್ದೆ. ಅಷ್ಟರಲ್ಲಿ ಎರಡು ಕತ್ತರಿ ಮುಗಿದವು.
ಏಳು, ಎಂಟು, ಮಂಡಿ. ಮಾತು ಕಮ್ಮಿ.
ಅಲ್ಲಿನ ಹುಡುಗರು ನಡೆಯುವ ಮೊದಲೇ ಜಾರಲು ಕಲಿಯುತ್ತಾರಂತೆ;
ಇವನು ಕಲಿತದ್ದು ಇಪ್ಪತ್ತೆರಡಕ್ಕೆ.
"ಅವರಿಗೆ ಅದು ನೆಲ ಕಾಕಾ.
ನನಗೆ ಕೊನೇವರೆಗೂ ಐಸೇ."

ಅವನ ಆಟ ನಾನು ನೋಡಿಲ್ಲ.
ಉಕ್ಕು ಸವೆದದ್ದು ನೋಡಿದ್ದೇನೆ.
ಬೇಸಗೆಗೆ ಕಾಲು ನೂಲು, ಬಿದ್ದ ವರ್ಷ ಅರ್ಧ.
ಕಿಡಿಯಾಗಿ ಹಾರಿ ಚೌಕಿಪೇಟೆಯ ಧೂಳಿಗೆ ಬಿದ್ದದ್ದನ್ನು
ಬೆಳಿಗ್ಗೆ ಪೌರಕಾರ್ಮಿಕರ ಕಸಬರಿಗೆ ಒಯ್ದಿತು,
ಬಾಳೆಸಿಪ್ಪೆ, ಬಸ್ ಟಿಕೆಟ್ಟಿನ ಜೊತೆ.

ಮೊನ್ನೆ ಬಂದ, ಹನ್ನೊಂದನೇ ಸಲ. ಮಗಳು ಹೆಗಲ ಮೇಲೆ.
ಬೂಟೆತ್ತಿ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ.
"ಇನ್ನೆರಡು ಚಳಿಗಾಲಕ್ಕೆ ಬಂದೀತು," ಅಂದೆ.
ಗುಂಡು ಕಲ್ಲಿಗೆ ಕೈ ಹಾಕಿದೆ.

"ಹರಿತ ಬೇಡ ಕಾಕಾ.
ಮೊಂಡು ಮಾಡಿಕೊಡು.
ಇವಳು ಮಂಚದಡಿಯಿಂದ ಎಳ್ಕೊಂಡು ಬೆರಳು ಸವರ್ತಾಳೆ."

ನಲವತ್ತು ವರ್ಷದ ಕಸುಬಿನಲ್ಲಿ
ಈ ಮಾತು ಯಾರೂ ಆಡಿರಲಿಲ್ಲ.
ಪೆಡಲ್ ಮೇಲೆ ಕಾಲಿಟ್ಟೆ, ತೆಗೆದೆ.
ಎದುರಿನ ಅಂಗಡಿಯವನು ಬಾಗಿಲಿಗೆ ನೀರು ಚಿಮುಕಿಸಿದ,
ಅದು ಬಿದ್ದಲ್ಲೇ ಆರಿತು.
"ಎಷ್ಟಾಗುತ್ತೆ?" ಅಂತ ಖಲಂದರ್ ಜೇಬಿಗೆ ಕೈ ಹಾಕಿ ನಿಂತಿದ್ದ.
ಹುಡುಗಿ ಅವನ ಕಿವಿ ಹಿಡಿದುಕೊಂಡು,
ಕಿಡಿ ಯಾವಾಗ ಬರುತ್ತೆ ಅಂತ
ಚಕ್ರವನ್ನೇ ನೋಡುತ್ತಿದ್ದಳು.