ಮೂರು ಚೀಲ ಕವಳಿ

ಮೂರು ಚೀಲ, ಮೂರು ಚೀಟಿ:
ಖಾನಾಪುರದ ಬಯಲು, ಆರುನೂರೈವತ್ತು ಮೀಟರು;
ಜಾಂಬೋಟಿಯ ದಾರಿ, ಏಳುನೂರೈವತ್ತು;
ಕಣಕುಂಬಿಯಾಚೆ ಗುಡ್ಡದ ನೆತ್ತಿ, ಒಂಬೈನೂರು.
ರುಕ್ಮಾ ಗಾವಡೆ ಮೇ ತಿಂಗಳ ಬಿಸಿಲಲ್ಲಿ
ಮುಳ್ಳಿಗೆ ಮೊಣಕೈ ಕೊಟ್ಟು ಬಿಡಿಸಿದ್ದು.
ಕೆಂಪು ಬಸ್ಸಿನ ಕೊನೇ ಸೀಟಿನಲ್ಲಿ
ನನ್ನ ತೊಡೆಯೇರಿ ಬೆಳಗಾವಿಗೆ ಬಂದಿವೆ,
ದುಪಟ್ಟಾಕ್ಕೆ ಕಾಯಿಹಾಲಿನ ಅಂಟು.

ರಾತ್ರಿ ಎಂಟು. ಲ್ಯಾಬಿನಲ್ಲಿ ನಾನು, ಫ್ರಿಜ್ಜಿನ ಗುರ್ ಗುರ್.
ಬುರೆಟ್ಟಿನಿಂದ ಕ್ಷಾರ, ಹನಿ, ಮತ್ತೊಂದು ಹನಿ.
ಕವಳಿಗೆ ಬೇರೆ ಸೂಚಕ ಬೇಡ;
ಹುಳಿ ಇರುವಷ್ಟು ಹೊತ್ತು ಕೆಂಪಗಿರುತ್ತದೆ,
ಮುಗಿದ ಗಳಿಗೆ
ನೇರಳೆಗೆ ಹೊರಳಿ, ನೀಲಿಯಾಗಿ,
ಹಸಿರಿಗೆ ಸೋಲುತ್ತದೆ.

ಬಯಲಿನದು ಹನ್ನೊಂದು ಮಿಲಿಗೆ ಸೋತಿತು.
ನೆತ್ತಿಯದು ಹದಿನೇಳರವರೆಗೂ ನಿಂತಿತು.
ಪುಸ್ತಕ ಹೇಳಿದ ಹಾಗೇ:
ಸೆಕೆಯ ರಾತ್ರಿ ಹಣ್ಣು ನಿದ್ದೆಗೆಟ್ಟು
ತನ್ನ ಹುಳಿಯನ್ನೇ ಉರಿಸಿ ಉಸಿರಾಡುತ್ತದೆ;
ಮೇಲೆ, ಗಾಳಿ ತಣ್ಣಗಿರುವಲ್ಲಿ,
ಸೊಂಟದ ಗಂಟು ಬಿಚ್ಚದ ಮುದುಕಿಯಂತೆ
ಉಳಿಸಿಕೊಳ್ಳುತ್ತದೆ.
ಅಲ್ಲಿಯ ಚುರುಕು ಬಿಸಿಲಿಗೆ
ಸಿಪ್ಪೆಯಲ್ಲಿ ಇನ್ನೊಂದು ಪದರ ಮಸಿ.

ನಡುವಿನ ಚೀಲ ಮಾತ್ರ ಸಾಲು ತಪ್ಪಿತು.
ಹತ್ತೊಂಬತ್ತು.
ಮತ್ತೆ ಹಿಂಡಿದೆ, ಮತ್ತೆ ಸೋಸಿದೆ. ಹತ್ತೊಂಬತ್ತು.
ಏಣಿಯ ನಡುಮೆಟ್ಟಿಲು ತುದಿಗಿಂತ ಎತ್ತರ!
'ಅದನ್ನ ಬಿಟ್ಟುಬಿಡವಾ' ಅಂದರು ಸರ್,
'ಗೆರಿ ಎಳಿಯಾಕ ಎರಡು ಬಿಂದು ಸಾಕು.'

ಫೋನಿಗೆ ಸಿಕ್ಕಳು ರುಕ್ಮಾ,
ಹಿಂದೆ ಕೋಳಿ ಗೂಡಿಗೆ ಅಟ್ಟುವ ಸದ್ದು.
'ಚೀಟಿ ಅದಲಿಬದಲಿ ಆಗ್ಯಾವೇನು?'
'ಏ ಪೋರಿ, ನನಗ ಓದಾಕ ಬರಂಗಿಲ್ಲ,
ಕಂಟಿ ಗುರುತು ಹಿಡಿಯಾಕೂ ಬರಂಗಿಲ್ಲೇನು?
ಅದು ಹಳ್ಳದ ಮಗ್ಗಲಿಂದು.
ಹನ್ನೊಂದು ಹೊಡಿಯೂತನಾ ಅಲ್ಲಿ ಬಿಸಿಲು ಇಳಿಯಂಗಿಲ್ಲ.
ರಾತ್ರಿ ಗುಡ್ಡದ ಥಂಡಿ ಎಲ್ಲಾ
ಉರುಳಿ ಬಂದು ಅಲ್ಲೇ ಮಲಗತೈತಿ.
ಎಷ್ಟು ಮ್ಯಾಲ ಅಂತ ಕೇಳಿದಿ, ಹೇಳೀನಿ.
ಎಷ್ಟು ಥಂಡಿ ಅಂತ ಕೇಳಿದ್ಯಾ?'

ಕೇಳಿರಲಿಲ್ಲ.
ಆಲೇಖದ ಹಾಳೆಯಲ್ಲಿ ಮೂರನೇ ಬಿಂದು ಇಟ್ಟೆ,
ಪೆನ್ಸಿಲ್ಲು ಅಲ್ಲೇ ಬಿಟ್ಟೆ.
ಚೀಲದ ತಳದಲ್ಲಿ ಹಣ್ಣು ನಾಲ್ಕೋ ಐದೋ ಉಳಿದಿದ್ದವು,
ಡಬ್ಬಿಯ ಉಪ್ಪಿಗೆ ಅದ್ದಿ
ನಡುವಿನದನ್ನು ಬಾಯಿಗಿಟ್ಟೆ.
ಎಡಗಣ್ಣು ತಾನಾಗೇ ಮುಚ್ಚಿತು.