ಒಂದೋ, ಎರಡೋ

ಕುತಾಯಿಸಿಯ ಕನ್ನಡಕದಂಗಡಿಯಲ್ಲಿ ಸಿಯಾಲ
ಇಪ್ಪತ್ತೆರಡು ವರ್ಷ ಕೇಳಿದ್ದು ಒಂದೇ ಪ್ರಶ್ನೆ:
ಯಾವುದು ಸ್ಪಷ್ಟ? ಒಂದೋ, ಎರಡೋ?
ಗೋಡೆಯ ಪಟ್ಟಿಯಲ್ಲಿ ಜಾರ್ಜಿಯನ್ ಅಕ್ಷರ, ಗುಂಡುಗುಂಡು,
ನಮ್ಮವಕ್ಕೆ ದೂರದ ದಾಯಾದಿಗಳ ಹಾಗೆ.

ಇವತ್ತು ಅದೇ ಪ್ರಶ್ನೆ ಅವಳಿಗೇ.
ಕೇಳುವವನು ಪಕ್ಕದ ಮೊಬೈಲ್ ರಿಪೇರಿಯ ಮಲ್ಖಾಜ್,
ಉಗುರಲ್ಲಿ ಬೆಸುಗೆಯ ಮಸಿ, ಬಾಯಲ್ಲಿ ಸೂರ್ಯಕಾಂತಿ ಬೀಜ.

ಹಳೇ ಕಂಪ್ಯೂಟರು ಮೊನ್ನೆ ಎರಡು ಸಲ ಕೆಮ್ಮಿ
ತಣ್ಣಗಾಯಿತು. ಹೊಸದು ಬಂದಿದೆ, ಹಪ್ಪಳದಷ್ಟು ತೆಳ್ಳಗೆ.
ಆದರೆ ಗಾಜು ಸಾಣೆ ಹಿಡಿಯುವ ಯಂತ್ರ ಹಟಮಾರಿ,
ಹಳೇ ವಿಂಡೋಸ್ ಕರೆದರಷ್ಟೇ
ಓಗೊಡುತ್ತದೆ.

"ಅದನ್ನ ಇದರೊಳಗೇ ಬಾಡಿಗೆಗೆ ಇಡೋಣ," ಎಂದ ಮಲ್ಖಾಜ್.
"ಇಡೀ ಕಂಪ್ಯೂಟರು ತನ್ನದೇ ಅಂದುಕೊಂಡಿರತ್ತೆ, ಪಾಪ.
ನಾವು ಹೇಳಬಾರದು, ಅಷ್ಟೆ."

ಸ್ಟೂಲಿನ ಮೇಲೆ, ಒಡೆದ ಕನ್ನಡಕ ಜೇಬಲ್ಲಿಟ್ಟುಕೊಂಡ
ಬಸ್ ಡ್ರೈವರ್ ಒತಿಯಾ ಗೊಣಗಿದ:
"ನನ್ನ ಭಾವಮೈದುನನೂ ಹಾಗೇ."

ಒಂದನೆಯದು ಪುಕ್ಕಟೆ; ಎದ್ದು ಕೂರುವಷ್ಟರಲ್ಲಿ ಕಾಫಿ ಆರುತ್ತದೆ.
ಎರಡನೆಯದು ಮಿಂಚು, ವರ್ಷ ವರ್ಷ ಕಂದಾಯ.
ಮೂರನೆಯದೂ ಇದೆ ಎಂದ. ಬೇಡ ಎಂದಳು:
ಮೂರನೇ ಗಾಜು ಹಾಕಿದೊಡನೆ ಗಿರಾಕಿ
ಸುಳ್ಳು ಹೇಳಲು ಶುರುಮಾಡುತ್ತಾನೆ.

ನೆಂಟನಿಗೆ ಎಷ್ಟು ಮೆಮೊರಿ? ಹಾಸಿಗೆ ಇದ್ದಷ್ಟು.
ಅರ್ಧ ಕೊಟ್ಟರೆ ಮನೆಯವನ ಕಾಲು ಹೊರಗೆ.
ಕಾಲುಭಾಗ ಕೊಟ್ಟರು.

ಮೊದಲು ಎರಡನೆಯದು. ಕಣ್ಣು ಮಿಟುಕಿಸುವಷ್ಟರಲ್ಲಿ
ಕಿಟಕಿಯೊಳಗೊಂದು ಕಿಟಕಿ, ಅದೇ ಹಸಿರು ಗುಡ್ಡ, ಅದೇ ನೀಲಿ ಬಾನು.
ಮಲ್ಖಾಜ್ ಬೀಜ ಉಗುಳಿ ವೇಗದ ಲೆಕ್ಕ ಒಪ್ಪಿಸುತ್ತಿದ್ದ.
"ಇರಲಿ ಮಾರಾಯ, ಯಂತ್ರ ಕಾಣ್ತಾ ಅದಕ್ಕೆ?"
ಕೇಬಲ್ ಕಿತ್ತು ಮತ್ತೆ ಚುಚ್ಚಿದ. ಪಕ್ಕದ ತೂತಿಗೆ ಚುಚ್ಚಿದ.
ಕಾಣಲಿಲ್ಲ.
ಅಷ್ಟು ಚುರುಕು, ಹುಟ್ಟುಗುರುಡು.

ಆಮೇಲೆ ಪುಕ್ಕಟೆಯದು. ಕಾಫಿ ಆರಿತು.
ಹೊರಗೆ ಎರಡು ಮಾರ್ಶ್ರುತ್ಕಾ ತುಂಬಿ ಹೊರಟವು.
ಮೆನುವಿನ ಮೂಲೆಯಲ್ಲಿ ಚಿಕ್ಕ ಚೌಕ, ಅದಕ್ಕೊಂದು ಗೀಟು.
ಮೂಲೆಯಲ್ಲಿ ಯಂತ್ರ ಗಂಟಲು ಸರಿಮಾಡಿಕೊಂಡು
ಗಿರ್ರೆಂದಿತು. ನೀರು ಚಿಮ್ಮಿತು.
"ಒಂದು," ಎಂದಳು ಸಿಯಾಲ,
ತಾನು ಕೂತದ್ದು ಗಿರಾಕಿಯ ಕುರ್ಚಿಯೆಂದು ಆಗಷ್ಟೇ ಗಮನಿಸಿ.

ಒತಿಯಾ ಹೊಸ ಕನ್ನಡಕ ಏರಿಸಿದ.
ಗೋಡೆಯ ಕೊನೇ ಸಾಲು ಯಾರೂ ಕೇಳದೆ ಓದಿದ.
ಪರದೆಯತ್ತ ಬಗ್ಗಿದ, ಇನ್ನೂ ಬಗ್ಗಿದ:
"ಇಷ್ಟು ಒಳ್ಳೇ ಹುಲ್ಲು,
ಒಂದು ದನವೂ ಇಲ್ಲವಲ್ರೀ!"