ರಂಪಣಿ ಹಗ್ಗ

ಐವತ್ತೆರಡರ ಮಾರಿಸ್ ಮೈನರ್ ನನ್ನದು.
ನನಗಿಂತ ಹದಿಮೂರು ವರ್ಷ ದೊಡ್ಡದು,
ಅದಕ್ಕೇ ಬೈಯುವಾಗಲೂ ಬಹುವಚನ.
ಮುಂಗಾಜು ನಡುವೆ ಸೀಳಿ ಎರಡು:
ಒಂದರಲ್ಲಿ ಸಮುದ್ರ, ಇನ್ನೊಂದರಲ್ಲಿ ಗುಡ್ಡ.
ತಿರುವಿಗೆ ಮುಂಚೆ ಬಾಗಿಲ ಕಂಬದಿಂದ
ಹಳದಿ ಕೈಯೊಂದು ಹೊರಬರಬೇಕು. ಬರುವುದಿಲ್ಲ.
ಒಂಬತ್ತು ವರ್ಷವಾಯಿತು, ನಾನೇ ತೋಳು ಚಾಚುತ್ತೇನೆ.

ಮದುವೆಯ ಫೋಟೋಕ್ಕೆ ಕೇಳುತ್ತಾರೆ. ಗಂಟೆಗೆ ಎಂಟುನೂರು,
ಪೆಟ್ರೋಲು ಬೇರೆ, ತಳ್ಳುವವರು ನಿಮ್ಮ ಕಡೆಯವರೇ.

ಅವತ್ತು ಮಾಜಾಳಿಯ ದಂಡೆಗೆ
ಮದುಮಗನ ಭಾವ ಪ್ರಜ್ಯೋತ ತಾಂಡೇಲ
ತಂದದ್ದು ಹೊಚ್ಚಹೊಸ ಫೋರ್‌ವೀಲು. ಕಪ್ಪು. ಎತ್ತರ.
ಹತ್ತಲು ಮದುಮಗಳಿಗೆ ಸ್ಟೂಲು ಬೇಕಾಯಿತು.
ಒಳಗಿನ ಪರದೆ ಎಲ್ಲ ಹೇಳುತ್ತದೆ:
ಗಾಡಿ ಎಷ್ಟು ಓರೆ, ಯಾವ ಟೈರಿಗೆ ಎಷ್ಟು ಗಾಳಿ.
ನನ್ನದರಲ್ಲಿ ಒಂದೇ ಮುಳ್ಳು ಜೀವಂತ,
ಪೆಟ್ರೋಲಿನದ್ದು, ಅದೂ ಸುಳ್ಳುಬುರುಕ.
ಬಿಸಿಯಾದರೆ ಮೂಗಿಗೆ ಗೊತ್ತಾಗಬೇಕು,
ಬಸ್ತ್ಯಾಂವ ಮೇಸ್ತ್ರಿ ಕಲಿಸಿದ ಹಾಗೆ:
ಸುಟ್ಟ ಬೆಲ್ಲದ ವಾಸನೆಯಾದರೆ ನೀರು ಹೊಯ್ಯಿ,
ಸುಟ್ಟ ಕೂದಲಿನದ್ದಾದರೆ ಇಳಿದು ಓಡು.

ಒಪ್ಪಿಕೊಳ್ಳುತ್ತೇನೆ, ಹೊಟ್ಟೆಕಿಚ್ಚು ಇತ್ತು.
ಅದರ ಏಸಿಯೊಳಗೆ ಕೂತು ಒಂದು ನಿಮಿಷ
ಕಣ್ಣು ಮುಚ್ಚಿದೆ ಕೂಡ.

ಫೋಟೋದವನು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದ.
ಮೈನರಿನ ಹಿಂದಿನ ಚಕ್ರ ಎರಡೂ ಮೆಲ್ಲಗೆ
ಮರಳನ್ನು ಹಾಸಿಗೆಯೆಂದು ತಿಳಿದವು.

'ಬಿಡಿ ಮಾಮ, ನಮ್ಮದರಲ್ಲಿ ನಾಲ್ಕೂ ಚಕ್ರಕ್ಕೆ ಬಲ.'
ಪ್ರಜ್ಯೋತ ಸಣ್ಣ ಗೇರಿನ ಕೋಲು ಎಳೆದ.
ನಾಲ್ಕೂ ಅಗೆದವು. ಬಲವಾಗಿಯೇ ಅಗೆದವು.
ನಮ್ಮದು ಎರಡು ಗುಂಡಿ, ಅವನದು ನಾಲ್ಕು.
ಹೊಟ್ಟೆ ನೆಲಕ್ಕೆ ತಾಗಿದ ಮೇಲೆ
ಪರದೆ ಬಹಳ ಮರ್ಯಾದೆಯಿಂದ ತಿಳಿಸಿತು,
ವಾಹನ ಚಲಿಸುತ್ತಿಲ್ಲ ಎಂದು.

ಉಬ್ಬರ ಏರುತ್ತಿತ್ತು.

ಆಗ ಬಂದರು, ಬಲೆ ಎಳೆದು ಮುಗಿಸಿದವರು,
ಹೆಗಲಲ್ಲಿ ರಂಪಣಿಯ ಹಗ್ಗ, ಕೂದಲಲ್ಲಿ ಮೀನಿನ ಹುರುಪೆ.
ಮುಂದೆ ಬುಧೋ ಹರಿಕಂತ್ರ, ಬಾಯ್ತುಂಬ ಎಲೆಯಡಿಕೆ.
ಎರಡಕ್ಕೂ ಒಂದೊಂದು ಸುತ್ತು ಬಂದು ನೋಡಿದ,
ಬಂಗಡೆಯ ಕಿವಿರು ಎತ್ತಿ ನೋಡುವವನ ಹಾಗೆ.
'ಇದು ಹಳತು, ಎಲುಬು ಗಟ್ಟಿ, ಎಲ್ಲಿಗೆ ಬೇಕಾದರೂ ಕಟ್ಟಬಹುದು.
ಅದರ ಕೊಕ್ಕೆ ಎಲ್ಲಿ?'
ಪ್ರಜ್ಯೋತ ಪುಸ್ತಕ ತೆಗೆದು ಓದತೊಡಗಿದ.

ಇಪ್ಪತ್ತೆರಡು ಜನ, ಎರಡು ಸಾಲು.
ಮೊದಲು ಮೈನರ್ ಬಂತು, ಹಗುರ,
ಗೂಡಿನಿಂದ ಕೋಳಿ ಬಂದ ಹಾಗೆ ಮೈ ಕೊಡವುತ್ತ.
ಆ ಎರಡು ಟನ್ನಿಗೆ ಮಾತ್ರ
ಮದುಮಗನೂ ಪಂಚೆ ಎತ್ತಿ ಕಟ್ಟಿದ,
ನಾನೂ ಕೈ ಹಾಕಿದೆ. ಅಂಗೈ ಇವತ್ತಿಗೂ ಉರಿ.

ಅಷ್ಟರಲ್ಲಿ ಮದುಮಗಳು ಕೂಗಿದಳು. ತಿರುಗಿ ನೋಡಿದರೆ
ಸುಮ್ಮನೆ ನಿಂತ ಮೈನರಿನ ಎಡಗಂಬದಿಂದ
ಹಳದಿ ಕೈ ಅರ್ಧಕ್ಕೆ ಎದ್ದಿತ್ತು,
ಎಳೆದ ಹೊಡೆತಕ್ಕೋ, ಉಪ್ಪಿಗೋ,
ಸಮುದ್ರದ ಕಡೆ ತಿರುಗುತ್ತೇನೆ ಎಂಬಂತೆ.

'ಏನು, ಇನ್ನೂ ಒಳಗೆ ಹೋಗಬೇಕಂತಾ?' ಅಂದ ಬುಧೋ.
ಕೂಲಿ ಬೇಡ ಅಂದ.
ಫೋಟೋ ಒಂದು ಕಳಿಸಿ ಅಂದ,
ಹಗ್ಗವೂ ಕಾಣುವ ಹಾಗೆ.